ಐದನೇ ತರಗತಿಯ ಕಲಿಕೆ: ಸದಸ್ಯರು ಅರಿತಿರಬೇಕಾದ ವಿಷಯ

ಗ್ರಾಮ ಪಂಚಾಯತಿ ಸದಸ್ಯರು ಶಾಲೆಗೆ ಭೇಟಿ ನೀಡಿದಾಗ ಸಾಮಾನ್ಯವಾಗಿ ಕೊಠಡಿ, ಶೌಚಾಲಯ, ಕುಡಿಯುವ ನೀರು ಹಾಗೂ ಬಿಸಿಯೂಟವನ್ನು ಪರಿಶೀಲಿಸುತ್ತಾರೆ. ಮಕ್ಕಳು ಏನು ಕಲಿತಿದ್ದಾರೆ ಎಂಬುದನ್ನು ಶಿಕ್ಷಕರಿಗೆ ಬಿಟ್ಟು ಹಿಂತಿರುಗುವುದು ರೂಢಿ. ಐದನೇ ತರಗತಿಯ ಮಟ್ಟಿಗೆ ಈ ರೂಢಿ ಸಲ್ಲದು. ಕಿರಿಯ ಪ್ರಾಥಮಿಕ ಶಾಲೆ ಐದಕ್ಕೇ ಮುಗಿಯುತ್ತದೆ. ಬೇಸಿಗೆ ರಜೆಯ ನಂತರ ಆ ಮಗು ಬೇರೊಂದು ಶಾಲೆಗೆ, ಹಲವೆಡೆ ಬೇರೊಂದು ಊರಿಗೆ, ಹೋಗಬೇಕಾಗುತ್ತದೆ.

ರಾಜ್ಯ ಪಠ್ಯಕ್ರಮದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಐದನೇ ತರಗತಿಯ ಮುಖ್ಯ ವಿಷಯಗಳು ನಾಲ್ಕು: ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ. ಆರರಲ್ಲಿ ಪರಿಸರ ಅಧ್ಯಯನದ ಸ್ಥಾನಕ್ಕೆ ವಿಜ್ಞಾನ ಮತ್ತು ಸಮಾಜ ವಿಜ್ಞಾನಗಳು ಪ್ರತ್ಯೇಕವಾಗಿ ಬರುತ್ತವೆ. ತೃತೀಯ ಭಾಷೆಯೂ ಸೇರುತ್ತದೆ. ನಾಲ್ಕು ವಿಷಯಗಳು ಆರಾದಾಗ, ಸರಾಗವಾಗಿ ಓದಲು ಬಾರದ ಮಗು ಎಲ್ಲದರಲ್ಲಿಯೂ ಒಮ್ಮೆಗೇ ಹಿಂದುಳಿಯುತ್ತದೆ. ಶಾಲೆಯ ದೂರವೂ ಹೆಚ್ಚಿದ್ದರೆ ಗೈರುಹಾಜರಿ ಅಲ್ಲಿಂದಲೇ ಆರಂಭ.

ಗಣಿತದಲ್ಲಿ ಐದಂಕಿಯ ಸಂಖ್ಯೆಗಳು, ಅಪವರ್ತನ ಮತ್ತು ಅಪವರ್ತ್ಯ, ಭಿನ್ನರಾಶಿ, ದಶಮಾಂಶ, ಕೋನ, ಸುತ್ತಳತೆ ಮತ್ತು ವಿಸ್ತೀರ್ಣ ಬರುತ್ತವೆ. ಇವು ಪಂಚಾಯತಿಯ ಕಡತಗಳಿಗೆ ಹೊರಗಿನವಲ್ಲ. 40 ಮೀಟರ್ ಉದ್ದ, 30 ಮೀಟರ್ ಅಗಲದ ಆಟದ ಮೈದಾನಕ್ಕೆ ಆವರಣ ಗೋಡೆ ಕಟ್ಟಬೇಕೆಂದರೆ ಬೇಕಾದದ್ದು ಸುತ್ತಳತೆ, ಅಂದರೆ 140 ಮೀಟರ್. ಅದೇ ಮೈದಾನವನ್ನು ಸಮತಟ್ಟು ಮಾಡಲು ಬೇಕಾದದ್ದು ವಿಸ್ತೀರ್ಣ, 1200 ಚದರ ಮೀಟರ್. ಅಂದಾಜುಪಟ್ಟಿಯ ಈ ಮೊದಲ ಸಾಲನ್ನು ಐದನೇ ತರಗತಿಯ ಮಗು ಪರಿಶೀಲಿಸಬಲ್ಲದು. (ಸಭೆಯಲ್ಲಿ ಈ ಎರಡು ಅಳತೆಗಳನ್ನು ಅದಲುಬದಲು ಮಾಡುವ ಹಿರಿಯರೂ ಇಲ್ಲದಿಲ್ಲ.) ಅಳತೆ ಟೇಪನ್ನು ಒಂದು ದಿನ ಶಾಲೆಗೆ ಕೊಟ್ಟು ಮಕ್ಕಳಿಂದಲೇ ಮೈದಾನ ಅಳೆಯಿಸುವುದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಪರಿಸರ ಅಧ್ಯಯನದಲ್ಲಿ ನೀರು, ಕೃಷಿ, ಆಹಾರ, ಸಮುದಾಯ ಮೊದಲಾದ ಪಾಠಗಳಿವೆ. ಊರಿನ ಕೊಳವೆಬಾವಿ, ಕೆರೆ, ಮೇಲ್ಮಟ್ಟದ ಜಲಸಂಗ್ರಹಾಗಾರಗಳನ್ನು ತೋರಿಸಿ ವಿವರಿಸಲು ನೀರುಗಂಟಿಯನ್ನು ಕಳುಹಿಸಿದರೆ ಸಾಕು. ಅಂತಹ ಮಕ್ಕಳು ಮಕ್ಕಳ ಗ್ರಾಮಸಭೆಯಲ್ಲಿ ಕೇಳುವ ಪ್ರಶ್ನೆಗಳು ಬರೆದುಕೊಟ್ಟ ಪ್ರಶ್ನೆಗಳಾಗಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಓದು. ನಲಿ-ಕಲಿ ಪದ್ಧತಿ ಮೂರನೇ ತರಗತಿಗೆ ಮುಗಿದಿರುತ್ತದೆ. ಐದರಲ್ಲಿ ಮಗು ಅಪರಿಚಿತ ಪುಟವೊಂದನ್ನು ಓದಿ ತನ್ನ ಮಾತಿನಲ್ಲಿ ಹೇಳುವಂತಿರಬೇಕು. ಇದನ್ನು ತರಗತಿಯ ಎದುರು ಪರೀಕ್ಷಿಸಿ ಮಗುವನ್ನು ಮುಜುಗರಕ್ಕೆ ಈಡುಮಾಡಬಾರದು. ಶಿಕ್ಷಕರೊಡನೆ ಮಾತನಾಡಿ ತಿಳಿದುಕೊಳ್ಳಬೇಕು. ಓದಿನಲ್ಲಿ ಹಿಂದಿರುವ ಮಕ್ಕಳನ್ನು ಪಂಚಾಯತಿ ಗ್ರಂಥಾಲಯಕ್ಕೆ ಸದಸ್ಯರನ್ನಾಗಿಸಬಹುದು. ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ.

ಐದನೇ ತರಗತಿ ಮುಗಿಸುವ ಮಕ್ಕಳು ಮತ್ತು ಅವರು ಸೇರಲಿರುವ ಶಾಲೆಗಳ ಪಟ್ಟಿಯನ್ನು ಏಪ್ರಿಲ್‌ನಲ್ಲಿಯೇ ಮುಖ್ಯಶಿಕ್ಷಕರಿಂದ ಪಡೆಯುವುದು ಸೂಕ್ತ. ಶಾಲೆ ಪುನರಾರಂಭವಾದ ಮೇಲೆ ಅದನ್ನು ಹೊಸ ಶಾಲೆಯ ದಾಖಲಾತಿಯೊಡನೆ ತಾಳೆ ನೋಡಿದರೆ, ಯಾವ ಮಗು ಸೇರಿಲ್ಲವೆಂಬುದು ಮೊದಲ ವಾರದಲ್ಲಿಯೇ ತಿಳಿಯುತ್ತದೆ.