ಬೇಕಂತಲೇ ತಡೆದು ನಿಲ್ಲುವ ಚಿಪ್

ಮುಂಡರಗಿಯ ಓದುಗರೊಬ್ಬರು ಮಗನಿಗೆ ವಿಡಿಯೊ ಗೇಮ್ ಕೊಡಿಸಲು ಗದಗಕ್ಕೆ ಬಂದಿದ್ದರಂತೆ. ಹೊಸದರ ಬೆಲೆ ಕೈಗೆಟುಕಲಿಲ್ಲ. ರಿಪೇರಿ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಎಕ್ಸ್‌ಬಾಕ್ಸ್ 360 ಎರಡು ಕಂಡವು. ಒಂದು ಬಿಳಿಯ ದಪ್ಪ ಪೆಟ್ಟಿಗೆ, ಇನ್ನೊಂದು ಕರಿಯ ‘ಸ್ಲಿಮ್’. ಅಲ್ಲಿದ್ದ ಗಿರಾಕಿಯೊಬ್ಬರು, ‘ದಪ್ಪಂದು ತಗೋರಿ ಅಣ್ಣಾರ, ಸ್ಲಿಮ್ಮಿನಾಗ ಪ್ರೊಸೆಸರ್ ಸಣ್ಣದು, ತಾಕತ್ತು ಇರಂಗಿಲ್ಲ’ ಎಂದರು. ‘ಇದು ಖರೇ ಏನ್ರಿ?’ ಎಂದು ನನ್ನನ್ನು ಕೇಳಿದ್ದಾರೆ.

ಪ್ರೊಸೆಸರ್ ಸಣ್ಣದು ಎಂಬುದು ಖರೆ. ತಾಕತ್ತಿಲ್ಲ ಎಂಬುದು ಶುದ್ಧ ಸುಳ್ಳು. ಶೇಂಗಾ ಚೀಲವನ್ನು ಎತ್ತಿ ನೋಡಿ ಬೆಲೆ ಕಟ್ಟುವ ಕೈ ನಮ್ಮದು. ತೂಕವಿದ್ದರೆ ಮಾಲು ಗಟ್ಟಿ ಎಂದು ನಂಬುತ್ತೇವೆ. ಸಿಲಿಕಾನ್‌ನಲ್ಲಿ ಆ ಲೆಕ್ಕ ತಲೆಕೆಳಗು.

ದಪ್ಪ ಪೆಟ್ಟಿಗೆ ಅಮೆರಿಕದಲ್ಲಿ 2005ರ ನವೆಂಬರಿನಲ್ಲಿ, ಭಾರತದಲ್ಲಿ 2006ರ ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಬಂತು. ಒಳಗೆ ಎರಡು ದೊಡ್ಡ ಚಿಪ್‌ಗಳು. ಐಬಿಎಂ ಜೊತೆಗೂಡಿ ರೂಪಿಸಿದ ಮೂರು ಕೋರ್‌ಗಳ, 3.2 ಗಿಗಾಹರ್ಟ್ಸ್ ವೇಗದ ಪ್ರೊಸೆಸರ್ ಒಂದು. ಚಿತ್ರ ಬಿಡಿಸಲು ಎಟಿಐ ಕಂಪನಿಯ ಗ್ರಾಫಿಕ್ಸ್ ಚಿಪ್ ಇನ್ನೊಂದು. ಎರಡೂ 90 ನ್ಯಾನೊಮೀಟರ್ ತಂತ್ರಜ್ಞಾನದವು. ಎರಡೂ ಕೆಂಡದಂತೆ ಕಾಯುತ್ತಿದ್ದವು. 2010ರ ಜೂನಿನಲ್ಲಿ ಸ್ಲಿಮ್ ಬಂದಾಗ ಈ ಎರಡೂ ಸೇರಿ 45 ನ್ಯಾನೊಮೀಟರಿನ ಒಂದೇ ಚಿಪ್ ಆಗಿದ್ದವು. ಅದರಲ್ಲಿ 37 ಕೋಟಿ 20 ಲಕ್ಷ ಟ್ರಾನ್ಸಿಸ್ಟರ್‌ಗಳು. ಹಿಡಿದ ಜಾಗ ಮೊದಲಿನ ಅರ್ಧಕ್ಕಿಂತ ಕಡಿಮೆ, ತಿಂದ ವಿದ್ಯುತ್ತಿನಲ್ಲಿ ಶೇಕಡಾ 60ಕ್ಕೂ ಹೆಚ್ಚು ಉಳಿತಾಯ. ವೇಗ ಮಾತ್ರ ಅದೇ 3.2.

ಎರಡನ್ನು ಒಂದು ಮಾಡುವ ಕೆಲಸವನ್ನು ಸೋನಿ ಅದಕ್ಕೂ ಮೊದಲೇ ಪ್ಲೇಸ್ಟೇಷನ್ 2ರಲ್ಲಿ ಮಾಡಿತ್ತು. 240 ಮತ್ತು 279 ಚದರ ಮಿಲಿಮೀಟರಿನ ಎರಡು ಚಿಪ್‌ಗಳು ಕೂಡಿ 86 ಚದರ ಮಿಲಿಮೀಟರಿಗೆ ಇಳಿದವು. ಪೆಟ್ಟಿಗೆಯ ದಪ್ಪ 7.8 ಸೆಂಟಿಮೀಟರಿನಿಂದ 2.8ಕ್ಕೆ ಬಂತು.

ಎಕ್ಸ್‌ಬಾಕ್ಸ್ ಚಿಪ್ಪಿನೊಳಗಿನ ಒಂದು ಸಂಗತಿಯನ್ನು ಓದಿದ ದಿನ ನಾನು ಅದನ್ನು ಮನೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೆ. ಚಿಪ್ ಎರಡಿದ್ದಾಗ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಲು ಬೋರ್ಡಿನ ಮೇಲಿನ ತಾಮ್ರದ ಗೆರೆಗಳನ್ನು ದಾಟಬೇಕಿತ್ತು. ನಾವು ಕಣ್ಣು ಮಿಟುಕಿಸುವುದರೊಳಗೆ ಆ ಪಯಣ ಕೋಟಿಗಟ್ಟಲೆ ಸಲ ಮುಗಿದಿರುತ್ತದೆ, ಆದರೆ ಚಿಪ್ಪಿನ ಲೆಕ್ಕದಲ್ಲಿ ಅದು ದೂರದ ಊರು. ಒಂದೇ ಚಿಪ್ ಆದಮೇಲೆ ಇಬ್ಬರೂ ಒಂದೇ ಮನೆಯವರಾದರು. ಸುದ್ದಿ ಇನ್ನೂ ಬೇಗ ಮುಟ್ಟಬಹುದಿತ್ತು. ಎಂಜಿನಿಯರುಗಳು ಹಾಗಾಗಲು ಬಿಡಲಿಲ್ಲ. ಚಿಪ್ಪಿನೊಳಗೇ ಒಂದು ಪುಟ್ಟ ವಿಭಾಗ ಕಟ್ಟಿ, ಹಳೆಯ ದಾರಿಯಲ್ಲಿ ಎಷ್ಟು ತಡವಾಗುತ್ತಿತ್ತೋ ಅಷ್ಟೇ ತಡ ಮಾಡಿಸಿದರು. ಒಂದು ಸಲಕ್ಕೆ ಎಷ್ಟು ಮಾಹಿತಿ ಹಾಯುತ್ತಿತ್ತೋ ಅಷ್ಟನ್ನೇ ಬಿಟ್ಟರು. 2010ರ ಆಗಸ್ಟಿನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ‘ಹಾಟ್ ಚಿಪ್ಸ್’ ಸಮ್ಮೇಳನದಲ್ಲಿ ಅವರೇ ಇದನ್ನು ವಿವರಿಸಿದರು.

ಓಡಬಲ್ಲವನನ್ನು ಯಾಕೆ ನಡೆಸಬೇಕು? ಉತ್ತರ ಬೆಟಗೇರಿಯ ನೇಕಾರರ ಓಣಿಯಲ್ಲಿದೆ. ಕೈಮಗ್ಗದ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ನೇಕಾರರು ಕಾಲಿನಿಂದ ಒತ್ತಿದಾಗ ಹಾಸಿನ ಎಳೆಗಳಲ್ಲಿ ಅರ್ಧ ಮೇಲೇಳುತ್ತವೆ, ಅರ್ಧ ಕೆಳಗಿಳಿಯುತ್ತವೆ. ನಡುವೆ ಬಾಯಿ ತೆರೆದಂತೆ ಸಂದು ಬಿಡುತ್ತದೆ. ಆ ಸಂದಿನಲ್ಲಿ ಲಾಳಿ ಈ ಕಡೆಯಿಂದ ಆ ಕಡೆಗೆ ಓಡುತ್ತದೆ. ಹಿಂದೆಯೇ ಹಣಿಗೆ ಬಂದು ಹೊಕ್ಕಿನ ಎಳೆಯನ್ನು ಬಡಿದು ಕೂಡಿಸುತ್ತದೆ. ಕಾಲು, ಲಾಳಿ, ಹಣಿಗೆ ಮೂರಕ್ಕೂ ಒಂದೇ ಲಯ. ಲಾಳಿ ಚುರುಕಾಗಿದೆಯೆಂದು ಸಂದು ತೆರೆಯುವ ಮೊದಲೇ ಓಡಿತೋ, ಎಳೆ ಹರಿಯಿತು. ಹರಿದ ಎಳೆ ಹುಡುಕಿ ಗಂಟು ಹಾಕುವಷ್ಟು ಹೊತ್ತು ಮಗ್ಗ ನಿಲ್ಲಬೇಕು.

ಗೇಮ್ ಬರೆದವರೂ ಐದು ವರ್ಷ ಹಳೆಯ ಯಂತ್ರದ ಲಯಕ್ಕೆ ನೇಯ್ದಿದ್ದರು. ‘ಈ ಲೆಕ್ಕ ಮುಗಿಯುವ ಹೊತ್ತಿಗೆ ಆ ಚಿತ್ರ ಸಿದ್ಧವಿರುತ್ತದೆ’ ಎಂಬ ಅಂದಾಜುಗಳು, ಬರೆದವರಿಗೇ ಗೊತ್ತಿಲ್ಲದಂತೆ, ಪ್ರೋಗ್ರಾಂನೊಳಗೆ ಸೇರಿಕೊಂಡಿರುತ್ತವೆ. ಒಂದು ಕಡೆಯ ಉತ್ತರ ಬೇಗ ಬಂದರೆ ಅಡಗಿದ್ದ ದೋಷ ಎದ್ದು ಆಟ ನಿಂತುಬಿಡಬಹುದು. ಆಗ ತಪ್ಪು ಡಿಸ್ಕಿನದೋ ಯಂತ್ರದ್ದೋ ಎಂದು ಹುಡುಗರಿಗೆ ತಿಳಿಯುವುದು ಹೇಗೆ? ಅದಕ್ಕೇ ಹೊಸ ಚಿಪ್ ಹಳೆಯದರ ಜೊತೆ ಹೆಜ್ಜೆ ಹಾಕಿತು. ಇಂಥ ಸಂಯಮವನ್ನು ಸಿಲಿಕಾನ್‌ನಲ್ಲಿ ಕೊರೆದವರ ಬಗ್ಗೆ ನನಗೆ ದೊಡ್ಡ ಗೌರವ.

ಇನ್ನು ಬೈಯಲೇಬೇಕಾದ ಒಂದು ಮಾತು. ದಪ್ಪ ಎಕ್ಸ್‌ಬಾಕ್ಸ್ ಕೆಟ್ಟಾಗ ಗುಂಡಿಯ ಸುತ್ತ ಮೂರು ಕೆಂಪು ದೀಪ ಉರಿಯುತ್ತಿದ್ದವು. ಕಾದು ತಣಿದು, ಕಾದು ತಣಿದು ಚಿಪ್ಪಿನ ಬೆಸುಗೆ ಬಿರುಕು ಬಿಡುತ್ತಿದ್ದುದೇ ಅದಕ್ಕೆ ಕಾರಣ. 2007ರಲ್ಲಿ ಎಕ್ಸ್‌ಬಾಕ್ಸ್ ತಯಾರಿಸುವ ಕಂಪನಿ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ಅದಕ್ಕೆಂದು ನೂರು ಕೋಟಿ ಡಾಲರಿಗೂ ಹೆಚ್ಚು ಎತ್ತಿಡಬೇಕಾಯಿತು. ಆಗ ಜಗತ್ತಿನಾದ್ಯಂತ ಒಂದು ಮೂಢನಂಬಿಕೆ ಹಬ್ಬಿತು. ಯಂತ್ರಕ್ಕೆ ಟವೆಲ್ ಸುತ್ತಿ ಚಾಲೂ ಇಟ್ಟರೆ ಸರಿಹೋಗುತ್ತದಂತೆ! ಬಿಸಿಯಿಂದ ಒಡೆದದ್ದಕ್ಕೆ ಇನ್ನಷ್ಟು ಬಿಸಿಯ ಮದ್ದು. ಒಮ್ಮೆ ದೀಪ ಹಸಿರಾದರೂ ಬಿರುಕು ಅಲ್ಲೇ ಇರುತ್ತದೆ, ಜೊತೆಗೆ ಬೆಂಕಿಯ ಭಯ ಬೇರೆ. ಇದನ್ನು ಯಾರೂ ಮಾಡಬೇಡಿ. ನಮ್ಮ ಮನೆಗಳಲ್ಲಿ ಟಿವಿಗೆ, ಫ್ರಿಜ್ಜಿಗೆ ಕಸೂತಿ ಬಟ್ಟೆ ಹೊದಿಸುವ ರೂಢಿಯಿದೆ. ಚಾಲೂ ಇರುವ ಗೇಮ್ ಪೆಟ್ಟಿಗೆಗೆ ಅದೂ ಬೇಡ. ಗದಗದ ರಿಪೇರಿ ಮೇಜಿನ ಮೇಲೆ ಒಂದನ್ನು ಬಿಚ್ಚಿದಾಗ ನೋಡಿದ್ದೇನೆ. ಶಾಖ ಹೊರಹಾಕುವ ಲೋಹದ ರೆಕ್ಕೆಗಳ ನಡುವೆ ಎರೆಮಣ್ಣಿನ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಬ್ರಷ್ ತಗುಲಿದರೆ ಹಾಳೆಯಾಗಿ ಎದ್ದು ಬಂತು.

ಮುಂಡರಗಿಯವರು ಅಂಗಡಿಗೆ ಮತ್ತೆ ಹೋದರೆ ಪೆಟ್ಟಿಗೆಯನ್ನು ಎತ್ತಿ ತೂಗಬೇಡಿ. ಜೊತೆಗೆ ಕೊಡುವ ಅಡಾಪ್ಟರ್ ಮಗುಚಿ ಚೀಟಿ ಓದಿ. 2005ರ ಮೊದಲ ಯಂತ್ರದ್ದಾದರೆ 203 ವ್ಯಾಟ್. 2007ರಲ್ಲಿ ಪ್ರೊಸೆಸರ್ 65 ನ್ಯಾನೊಮೀಟರಿಗೆ ಇಳಿದಾಗ 175. ಮರುವರ್ಷ ಗ್ರಾಫಿಕ್ಸ್ ಚಿಪ್ ಕೂಡ ಇಳಿದಾಗ 150. ಎರಡೂ ಒಂದಾದ 2010ರ ಸ್ಲಿಮ್ಮಿಗೆ 135. ಚಿಪ್ಪಿನ ಐದು ವರ್ಷದ ಚರಿತ್ರೆ ಆ ಚೀಟಿಯ ಮೇಲಿದೆ. ಎಕ್ಸ್‌ಬಾಕ್ಸ್ 360ರ ಆನ್‌ಲೈನ್ ಅಂಗಡಿ 2024ರ ಜುಲೈ 29ರಂದು ಮುಚ್ಚಿದೆ. ಆದ್ದರಿಂದ ಡಿಸ್ಕ್ ಡ್ರೈವ್ ಸರಿಯಾಗಿ ಓದುತ್ತದೆಯೇ ಎಂದು ಅಲ್ಲೇ ಒಂದು ಆಟ ಹಾಕಿಸಿ ನೋಡಿ. 203 ಎಂದಿದ್ದರೆ ಬಿಟ್ಟುಬಿಡಿ, 135 ಎಂದಿದ್ದರೆ ತೆಗೆದುಕೊಳ್ಳಿ.