ಕ್ಯೂ ಕೋಲಿನ ಮರವೂ ಕೀಲೂ

ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಎಂಬ ಮೂರು ಆಟಗಳಲ್ಲಿಯೂ ಆಟಗಾರನ ಕೈಗೂ ಚೆಂಡಿಗೂ ನಡುವೆ ಇರುವ ಸಾಧನ ಒಂದೇ, ಕ್ಯೂ ಎಂಬ ಕೋಲು. ಅಮೆರಿಕದಲ್ಲಿ ಬಳಕೆಯಲ್ಲಿರುವ ಪೂಲ್ ಕ್ಯೂ ಸಾಮಾನ್ಯವಾಗಿ 58 ಅಂಗುಲ ಉದ್ದ, 19 ಔನ್ಸಿನ ಆಸುಪಾಸು, ಎಂದರೆ ಸುಮಾರು 540 ಗ್ರಾಂ ತೂಕ ಇರುತ್ತದೆ. ಬುಡ ದಪ್ಪವಾಗಿದ್ದು, ಕ್ರಮೇಣ ಸಣ್ಣಗಾಗುತ್ತ ತುದಿಯಲ್ಲಿ 13 ಮಿಲಿಮೀಟರಿಗೆ ಇಳಿಯುತ್ತದೆ. ಕೊಂಡೊಯ್ಯಲು ಅನುಕೂಲವಾಗಲೆಂದು ಇದನ್ನು ನಟ್ಟನಡುವೆ ಎರಡು ಭಾಗಮಾಡಿ ತಿರುಪಿನಿಂದ ಕೂಡಿಸುವುದುಂಟು. ಈ ಕೀಲನ್ನು ಯಾವ ವಸ್ತುವಿನಿಂದ ಮಾಡಬೇಕೆಂಬುದು ಆಟಗಾರರಲ್ಲಿ ಬಹುಕಾಲದಿಂದ ನಡೆದುಬಂದಿರುವ ವಾದ. ಉಕ್ಕಿನ ಕೀಲಿದ್ದರೆ ಹೊಡೆತ ಬಿರುಸೆಂದೂ ಮರಕ್ಕೆ ಮರವೇ ತಾಗಿದರೆ ಮೃದುವೆಂದೂ ಹೇಳುತ್ತಾರೆ. ಈ ನಂಬಿಕೆಯ ಮೇಲೆ ಹೆಚ್ಚು ಬೆಲೆ ತೆರುವವರೂ ಇದ್ದಾರೆ. ಇದರಲ್ಲಿ ಎಷ್ಟು ಹುರುಳಿದೆ ಎಂಬುದನ್ನು ನಾವು ಕಾಲೇಜಿನ ಭೌತವಿಜ್ಞಾನದಿಂದಲೇ ಬಹುಮಟ್ಟಿಗೆ ಅಳೆದು ನೋಡಬಹುದು.

ಮೊದಲು ಮರದ ವಿಚಾರ. ಪೂಲ್ ಕ್ಯೂವಿನ ಮುಂಭಾಗಕ್ಕೆ ಉತ್ತರ ಅಮೆರಿಕದ ಗಟ್ಟಿ ಮೇಪಲ್ ಮರವನ್ನು ಆರಿಸುತ್ತಾರೆ. ಅದರ ರಸವನ್ನು ಕಾಯಿಸಿ ಸಿಹಿಪಾಕ ಮಾಡುವ ಮರವೇ ಇದು. ಇಂಗ್ಲೆಂಡಿನ ಸ್ನೂಕರ್ ಕ್ಯೂಗಳಿಗೆ ಆಶ್ ಮರ ಹೆಚ್ಚು ಪ್ರಿಯ. ಇವೆರಡರ ಭೇದ ಕಣ್ಣಿಗೇ ಕಾಣುತ್ತದೆ. ಮೇಪಲ್ ಮರದ ರಂಧ್ರಗಳು ಬಹಳ ಸೂಕ್ಷ್ಮವಾಗಿದ್ದು ಎಲ್ಲ ಕಡೆಗೂ ಸಮನಾಗಿ ಹರಡಿರುವುದರಿಂದ ಅದನ್ನು ಉಜ್ಜಿದಾಗ ಗಾಜಿನಂತೆ ನುಣುಪಾಗುತ್ತದೆ. ಆಶ್ ಮರದಲ್ಲಿ ದೊಡ್ಡ ರಂಧ್ರಗಳು ಪ್ರತಿ ವರ್ಷದ ಬೆಳವಣಿಗೆಯ ಉಂಗುರದ ಆರಂಭದಲ್ಲಿಯೇ ಸಾಲಾಗಿ ಕೂಡಿರುತ್ತವೆ. ಕೋಲನ್ನು ಸಣ್ಣಗೆ ಕಡೆಯುವಾಗ ಈ ಉಂಗುರಗಳು ಓರೆಯಾಗಿ ಕತ್ತರಿಸಲ್ಪಟ್ಟು ಬಾಣದ ಮೊನೆಯಂತಹ ಗುರುತುಗಳು ಮೂಡುತ್ತವೆ. ಗುರಿಯಿಡುವಾಗ ಈ ಗುರುತುಗಳನ್ನು ಮೇಲ್ಮುಖವಾಗಿ ಹಿಡಿಯುವ ಅಭ್ಯಾಸ ಅನೇಕ ಸ್ನೂಕರ್ ಆಟಗಾರರಿಗೆ ಇದೆ.

ಮರ ಯಾವುದೇ ಇರಲಿ, ಅದರ ಎಳೆಗಳು ಬುಡದಿಂದ ತುದಿಯವರೆಗೆ ನೆಟ್ಟಗೆ ಓಡಬೇಕು. ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಈ ಹಿಗ್ಗುಕುಗ್ಗು ಎಳೆಯ ಗುಂಟ ನಗಣ್ಯ, ಅಡ್ಡಲಾಗಿ ಹೆಚ್ಚು. ಅಡ್ಡದಿಕ್ಕಿನಲ್ಲಿಯೂ ಎರಡು ಬಗೆಯುಂಟು: ಮೇಪಲ್ ಮರದಲ್ಲಿ ಉಂಗುರದ ಜಾಡಿನಲ್ಲಿ ಆಗುವ ಕುಗ್ಗುವಿಕೆಯು ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಇಮ್ಮಡಿ. ಎಳೆ ಓರೆಯಾಗಿದ್ದರೆ ಕೋಲಿನ ಒಂದು ಮಗ್ಗುಲು ಇನ್ನೊಂದಕ್ಕಿಂತ ಹೆಚ್ಚು ಕುಗ್ಗಿ ಕ್ಯೂ ಬಾಗುತ್ತದೆ. ಆದುದರಿಂದ ಒಳ್ಳೆಯ ಕುಶಲಕರ್ಮಿ ಒಂದೇ ಸಲಕ್ಕೆ ಬೇಕಾದ ಅಳತೆಗೆ ಕಡೆಯುವುದಿಲ್ಲ. ಸ್ವಲ್ಪ ಕಡೆದು, ವಾರಗಟ್ಟಲೆ ಇಟ್ಟು, ಬಾಗಿದ್ದನ್ನು ಬಿಸುಟು, ಉಳಿದುದನ್ನು ಮತ್ತೆ ಕಡೆಯುತ್ತಾನೆ. ಈ ತಾಳ್ಮೆಗೆ ಬದಲಾಗಿ ನಿಲ್ಲಬಲ್ಲ ಯಂತ್ರ ಇನ್ನೂ ಹುಟ್ಟಿಲ್ಲವೆಂದೇ ನಮ್ಮ ಎಣಿಕೆ.

ಬುಡಕ್ಕೆ ತೂಕವೂ ಅಂದವೂ ಬೇಕಾದುದರಿಂದ ಕರಿಮರ, ಬೀಟೆ ಮೊದಲಾದ ಭಾರವಾದ ಮರಗಳನ್ನು ಬಳಸುತ್ತಾರೆ. ನಮ್ಮ ಪಶ್ಚಿಮಘಟ್ಟದ ಬೀಟೆಯೂ ಈ ಸಾಲಿಗೆ ಸೇರಿದುದೇ. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿ ಸೇರಿದೆ. ಹಿಂದೆ ಕೀಲಿಗೂ ತುದಿಯ ಬಳೆಗೂ ಆನೆಯ ದಂತವನ್ನು ಬಳಸುತ್ತಿದ್ದರು. ಆಫ್ರಿಕದ ಆನೆಯ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ತಡೆಯುವ ನಿರ್ಣಯ 1989ರಲ್ಲಿ ಆದ ಮೇಲೆ ಆ ದಾರಿ ಬಹುಮಟ್ಟಿಗೆ ಮುಚ್ಚಿತು. ಅದರ ಸ್ಥಾನದಲ್ಲಿ ಬಟ್ಟೆಯ ಪದರಗಳನ್ನು ಫೀನಾಲಿಕ್ ರಾಳದಲ್ಲಿ ಅದ್ದಿ ಒತ್ತಿ ಮಾಡಿದ ವಸ್ತು ಬಂದಿದೆ. ಇಂದಿನ ಉತ್ತಮ ಪೂಲ್ ಚೆಂಡುಗಳೂ ಇದೇ ರಾಳದ ವಂಶದವೇ.

ಇನ್ನು ಕೀಲು. ವಸ್ತುವಿಗಿಂತ ಮೊದಲು ಇಲ್ಲಿ ನೋಡತಕ್ಕದ್ದು ಜ್ಯಾಮಿತಿ. ಕೀಲಿನ ವ್ಯಾಸ 21 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅದರ ಮುಖವನ್ನು ಕತ್ತರಿಸುವಾಗ ಒಂದು ಅಂಚಿನಲ್ಲಿ ಕೇವಲ 0.05 ಮಿಲಿಮೀಟರ್ ಏರುಪೇರಾದರೆ, 74 ಸೆಂಟಿಮೀಟರ್ ಆಚೆಗಿರುವ ತುದಿಯು ನೇರದಿಂದ ಸುಮಾರು 1.8 ಮಿಲಿಮೀಟರ್ ಜರುಗುತ್ತದೆ. ಕೂದಲೆಳೆಯಷ್ಟು ತಪ್ಪು ಕಣ್ಣಿಗೆ ಕಾಣುವ ಸೊಟ್ಟವಾಗುತ್ತದೆ. ತಿರುಪಿನ ವಿಷಯದಲ್ಲಿಯೂ ಹೀಗೆಯೇ. ಹಿತ್ತಾಳೆಯ ಗೂಡಿನೊಳಕ್ಕೆ ಹೋಗುವ ತಿರುಪಿಗೆ ಒತ್ತಾದ ಸುತ್ತುಗಳಿರಬಹುದು. ಮರದಲ್ಲಿಯೇ ಕೊರೆದ ಸುತ್ತುಗಳಾದರೆ ಪ್ರತಿ ಹಲ್ಲಿನ ಬುಡವೂ ಅಗಲವಾಗಿರಬೇಕು, ಇಲ್ಲವಾದರೆ ಮರ ಸೀಳಿ ಉದುರುತ್ತದೆ. ಅಂಗುಲಕ್ಕೆ 18 ಸುತ್ತುಗಳ ತಿರುಪು ಲೋಹಕ್ಕೂ 10 ಸುತ್ತುಗಳ ದಪ್ಪ ತಿರುಪು ಮರಕ್ಕೂ ಒಪ್ಪುವುದು ಈ ಕಾರಣದಿಂದ.

ಈಗ ತೂಕವನ್ನು ಲೆಕ್ಕಹಾಕೋಣ. ಹೊರವ್ಯಾಸ 21, ಒಳವ್ಯಾಸ 16, ಉದ್ದ 25 ಮಿಲಿಮೀಟರ್ ಇರುವ ಬಳೆಯನ್ನು ಉಕ್ಕಿನಲ್ಲಿ ಮಾಡಿದರೆ ಸುಮಾರು 28 ಗ್ರಾಂ ತೂಗುತ್ತದೆ. ಹಿತ್ತಾಳೆಯಲ್ಲಿ 31, ಟೈಟೇನಿಯಮ್ಮಿನಲ್ಲಿ 16, ಅಲ್ಯೂಮಿನಿಯಮ್ಮಿನಲ್ಲಿ 10, ಫೀನಾಲಿಕ್ ವಸ್ತುವಿನಲ್ಲಿ 5 ಗ್ರಾಂ. ಕ್ಯೂವಿನ ಗುರುತ್ವಕೇಂದ್ರ ಬುಡದಿಂದ 48 ಸೆಂಟಿಮೀಟರ್ ದೂರದಲ್ಲಿದ್ದರೆ, ಫೀನಾಲಿಕ್ ಬಳೆಯ ಬದಲು ಉಕ್ಕಿನದನ್ನು ಹಾಕಿದಾಗ ಆ ಕೇಂದ್ರ ಒಂದು ಸೆಂಟಿಮೀಟರಿನಷ್ಟು ಮುಂದಕ್ಕೆ ಸರಿಯುತ್ತದೆ. ಪಳಗಿದ ಕೈಗೆ ಇದು ತಿಳಿಯದೆ ಇರದು. ಉಕ್ಕಿನ ಕೀಲು ಬೇರೆಯೇ ಎನ್ನುವವರ ಮಾತಿನಲ್ಲಿ ಇಷ್ಟು ನಿಜ ಇದ್ದೇ ಇದೆ.

ಆದರೆ ಹೊಡೆತದ ಬಿರುಸು? ತೊಗಲಿನ ತುದಿಯು ಚೆಂಡಿಗೆ ತಾಗಿರುವ ಕಾಲ ಸುಮಾರು ಒಂದು ಮಿಲಿಸೆಕೆಂಡು. ಮೇಪಲ್ ಮರದ ಎಳೆಯ ಗುಂಟ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 4,000 ಮೀಟರ್ ವೇಗದಲ್ಲಿ ಚಲಿಸುತ್ತದೆ. ಆದ್ದರಿಂದ ಚೆಂಡು ತುದಿಯನ್ನು ಬಿಡುವುದರೊಳಗಾಗಿ ಆ ಅಲೆ ಕೀಲನ್ನು ದಾಟಿ, ಬುಡವನ್ನು ಮುಟ್ಟಿ ಹಿಂದಿರುಗಬಲ್ಲುದು. ಉಕ್ಕಿನಲ್ಲಿ ಸಾಂದ್ರತೆಯನ್ನು ಅಲೆಯ ವೇಗದಿಂದ ಗುಣಿಸಿದ ಮೊತ್ತ ಮರದ್ದಕ್ಕಿಂತ ಹನ್ನೆರಡು ಪಟ್ಟಿಗೂ ಮೀರಿರುವುದರಿಂದ, ಉಕ್ಕು ಅಲೆಯನ್ನು ಬಲವಾಗಿ ಹಿಂದಕ್ಕೆ ಪ್ರತಿಫಲಿಸಬೇಕೆಂದು ತೋರಬಹುದು. ಇಲ್ಲಿಯೇ ಎಚ್ಚರ ಬೇಕು. ಒಂದು ಮಿಲಿಸೆಕೆಂಡು ನಡೆಯುವ ತಳ್ಳುವಿಕೆಯ ಅಲೆ ಮರದಲ್ಲಿ 4 ಮೀಟರ್ ಉದ್ದ, ಕೀಲು 2.5 ಸೆಂಟಿಮೀಟರ್. ಕೆರೆಯ ದೊಡ್ಡ ಅಲೆಗೆ ಅಡ್ಡಲಾಗಿ ನೆಟ್ಟ ಗೂಟದಂತೆ ಕೀಲು ಅದನ್ನು ಅಷ್ಟಾಗಿ ತಡೆಯಲಾರದು. ಹೆಚ್ಚು ಆವೃತ್ತಿಯ ಕಿರಿಯ ಅಲೆಗಳಿಗೆ ಮಾತ್ರ ಅದು ತಕ್ಕಮಟ್ಟಿಗೆ ಅಡ್ಡಿಯಾಗುತ್ತದೆ. ಕಿವಿಗೆ ಕೇಳುವ ಟಕ್ಕೆಂಬ ಸದ್ದು, ಅಂಗೈಗೆ ತಾಗುವ ನಡುಕ ಇವೇ ಆ ಅಲೆಗಳು. ಆಟಗಾರ ಬಿರುಸು ಎನ್ನುವುದು ಹೆಚ್ಚಾಗಿ ಇವನ್ನೇ.

ಚೆಂಡಿನ ಮಧ್ಯವನ್ನು ಬಿಟ್ಟು ಎಡಕ್ಕೆ ಹೊಡೆದಾಗ ಅದು ಗುರಿಗಿಂತ ತುಸು ಬಲಕ್ಕೆ ಓರೆಯಾಗಿ ಹೊರಡುವ ದೋಷದಲ್ಲಂತೂ ಕೀಲಿಗೆ ಪಾಲೇ ಇಲ್ಲ. ತಿರುಗುವ ಭೂಮಿಯ ಮೇಲಿನ ಚಲನೆಗೆ ಸಂಬಂಧಿಸಿ ವಿದ್ಯಾರ್ಥಿಗಳಿಗೆ ಪರಿಚಿತನಾದ ಕೊರಿಯೊಲಿ, ಚೆಂಡಿನ ಇಂತಹ ಆಟಗಳ ಗಣಿತವನ್ನು ಕುರಿತು 1835ರಲ್ಲಿಯೇ ಒಂದು ಗ್ರಂಥ ಬರೆದನೆಂಬುದು ಸೋಜಿಗದ ಸಂಗತಿ. ಮಗ್ಗುಲಿಗೆ ಬಾಗುವ ಅಲೆ ಒತ್ತಡದ ಅಲೆಗಿಂತ ಬಹಳ ನಿಧಾನ. ಚೆಂಡು ಬಿಡುವಷ್ಟರಲ್ಲಿ ಅದು ತುದಿಯಿಂದ 15–20 ಸೆಂಟಿಮೀಟರಿಗಿಂತ ಹೆಚ್ಚು ದೂರ ಹೋಗಿರುವುದಿಲ್ಲ. ಕೋಲಿನ ಬೇರೆಬೇರೆ ಕಡೆ ಭಾರ ಕಟ್ಟಿ ಹೊಡೆದು ನೋಡಿದ ಪ್ರಯೋಗಗಳೂ ಇದನ್ನೇ ಹೇಳುತ್ತವೆ: ತುದಿಯ ಬಳಿ ಕಟ್ಟಿದ ಭಾರ ಓರೆಯನ್ನು ಹೆಚ್ಚಿಸುತ್ತದೆ, ಅದರಾಚೆಗಿನದು ಏನೂ ಮಾಡುವುದಿಲ್ಲ. ಆದುದರಿಂದ ಈ ಓರೆಯನ್ನು ತಗ್ಗಿಸಬೇಕೆನ್ನುವವರು ಕೀಲನ್ನು ಬಿಟ್ಟು ತುದಿಯನ್ನು ಹಗುರಮಾಡುತ್ತಾರೆ. ಒನಕೆಗೆ ಹಾಕುವ ಅಣಸಿನಂತೆ ಕ್ಯೂವಿನ ತುದಿಗೆ ಹಾಕುವ ಬಳೆಯನ್ನು ಗಿಡ್ಡ ಮಾಡುವುದು, ಮರದೊಳಗೆ ತುದಿಯಿಂದ ಟೊಳ್ಳು ಕೊರೆಯುವುದು, ಇತ್ತೀಚೆಗೆ ಮರವನ್ನೇ ಬಿಟ್ಟು ಇಂಗಾಲದ ಎಳೆಗಳಿಂದ ಕೊಳವೆಯಾಗಿ ಮಾಡುವುದು, ಎಲ್ಲವೂ ಈ ಒಂದೇ ಉದ್ದೇಶಕ್ಕೆ. ಇಂಗಾಲದ ಕೋಲು ತೇವಕ್ಕೆ ಬಾಗುವುದಿಲ್ಲ. ಆದರೆ ಆಟಗಾರನಿಗೆ ಪರಿಚಿತವಾದ ಮರದ ಸದ್ದು ಅದರಲ್ಲಿ ಬರುವುದಿಲ್ಲ.