ಅರ್ಧ ಲೀಟರ್ ಹಬೆಗೆ ಸಾವಿರದ ಮುನ್ನೂರು ಲೀಟರ್ ಕಾಳಿ

ಜುಲೈ ತಿಂಗಳ ಕ್ಯಾಸಲ್‌ರಾಕ್‌ನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತರೆ ಅಂಗಿ ಒದ್ದೆಯಾಗುತ್ತದೆ. ಅಕ್ಕನ ಹೆಂಚಿನ ಮನೆಯಲ್ಲಿ ಹಾಗೇ ಕೂತಿದ್ದಾಗ ಒಳಗಿನಿಂದ ಯಂತ್ರದ ಕಿರುಚಾಟ ಕೇಳಿಸಿತು. ಬೆಂಗಳೂರಿನಲ್ಲಿರುವ ಮಗ ಕೊಡಿಸಿದ್ದ ವ್ಯಾಕ್ಯೂಮ್ ಕ್ಲೀನರ್ ಎಂದಿಗಿಂತ ಜೋರಾಗಿ ಕೂಗುತ್ತಿತ್ತು, ಆದರೆ ನೆಲದ ಮೇಲಿನ ಒಂದು ಅಕ್ಕಿಕಾಳನ್ನೂ ಎತ್ತುತ್ತಿರಲಿಲ್ಲ. ಅದರ ಜೋಡಿಯಾಗಿ ಬಂದಿದ್ದ ಸ್ಟೀಮ್ ಮಾಪ್ ಹಿಂದಿನ ದಿನವೇ ಬುಸುಗುಡುವುದನ್ನು ಬಿಟ್ಟು ತೊಟ್ಟಿಕ್ಕತೊಡಗಿತ್ತು.

“ಎರಡೂ ಸತ್ತು” ಎಂದಳು ಅಕ್ಕ.

ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. “ಸತ್ತದ್ದು ಹಂಗ ಒದರ್ತದೇನು? ವ್ಯಾಕ್ಯೂಮ್ ಎಷ್ಟ ಐತಿ ನೋಡು ಮೊದಲ.”

ಭಾವ ಮೀಟರ್‌ಗೇಜ್ ಕಾಲದ ರೈಲ್ವೆ ಗಾರ್ಡ್. ಅವರ ಕೆಲಸದ ಆಯುಷ್ಯವೆಲ್ಲ ಬ್ರೇಕ್ ವ್ಯಾನಿನ ಗೇಜಿನ ಮುಳ್ಳು ನೋಡುವುದರಲ್ಲೇ ಕಳೆದಿದೆ. ಆಗಿನ ಗಾಡಿಗಳ ಬ್ರೇಕು ನಿಂತಿದ್ದದ್ದೇ ನಿರ್ವಾತದ ಮೇಲೆ. ಎಂಜಿನ್ನು ಇಡೀ ಗಾಡಿಯ ಉದ್ದಕ್ಕೂ ಹಾದ ಪೈಪಿನಿಂದ ಗಾಳಿ ಎಳೆದು ತೆಗೆಯುತ್ತಿತ್ತು. ಪ್ಯಾಸೆಂಜರ್ ಗಾಡಿಗೆ ಎಂಜಿನ್ ಕಡೆ ಪಾದರಸದ ಲೆಕ್ಕದಲ್ಲಿ 53 ಸೆಂಟಿಮೀಟರ್, ಗಾರ್ಡ್ ಕಡೆ 47 ಇರಬೇಕು. ಎಲ್ಲೋ ಒಂದು ರಬ್ಬರ್ ಹೋಸು ಬಿಚ್ಚಿತೋ, ಯಾರೋ ಚೈನು ಎಳೆದರೋ, ಹೊರಗಿನ ಗಾಳಿ ನುಗ್ಗಿ ಎಲ್ಲ ಚಕ್ರಗಳನ್ನೂ ಹಿಡಿದುಬಿಡುತ್ತಿತ್ತು. ಇಲ್ಲಿಂದ ಕುಳೆಂವರೆಗಿನ 26 ಕಿಲೋಮೀಟರ್ ಘಾಟಿನಲ್ಲಿ ಇದು ಹುಡುಗಾಟದ ಮಾತಲ್ಲ. ಕಡಿದಾದ ಕಡೆ 37 ಅಡಿ ನಡೆದರೆ ಒಂದು ಅಡಿ ಇಳಿಯುವ ದಾರಿ, ನಡುವೆ ದೂಧಸಾಗರ. 1888ರಲ್ಲಿ ಪೋರ್ಚುಗೀಸ್ ಗೋವೆಯ ಹಳಿ ಹತ್ತಿ ಬಂದು ಬ್ರಿಟಿಷರ ಹಳಿಯನ್ನು ಸೇರಿದ್ದು ಈ ಸ್ಟೇಷನ್ನಿನಲ್ಲಿ.

ನಿರ್ವಾತ ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ಅದು ಏನನ್ನೂ ಎಳೆಯುವುದಿಲ್ಲ. ನೂಕುವುದು ನಮ್ಮ ತಲೆಯ ಮೇಲಿನ ಗಾಳಿ, ಒಂದು ಚದರ ಮೀಟರಿಗೆ ಸುಮಾರು 10 ಟನ್ ಭಾರದಲ್ಲಿ. ಸಮುದ್ರದಂಡೆಯಲ್ಲಿ ಅದು ಪಾದರಸವನ್ನು 76 ಸೆಂಟಿಮೀಟರ್ ಎತ್ತಿ ನಿಲ್ಲಿಸುತ್ತದೆ; ಆರುನೂರು ಮೀಟರ್ ಆಸುಪಾಸಿನ ಕ್ಯಾಸಲ್‌ರಾಕ್‌ನಲ್ಲಿ 71ರ ಸುಮಾರು. ಮನೆಯ ಕ್ಲೀನರ್ ಈ ಭಾರದಲ್ಲಿ ಐದನೆಯ ಒಂದು ಭಾಗ ಕಡಿಮೆ ಮಾಡಿದರೆ ಅದೇ ಅದರ ಪರಾಕ್ರಮ. ಭಾವನ ಭಾಷೆಯಲ್ಲಿ 15 ಸೆಂಟಿಮೀಟರ್. “ಹದಿನೈದರಾಗ ನಾವು ಗಾಡಿನ ಬಿಡ್ತಿರಲಿಲ್ಲ” ಎಂದು ಅವರು ಮೂಗು ಮುರಿದರು.

ಆದರೆ ಆ ಹದಿನೈದಕ್ಕೆ ಒಳಗೆ ನಡೆಯುವ ಓಟ ನೋಡಬೇಕು. ಮೋಟಾರು ನಿಮಿಷಕ್ಕೆ 30,000 ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ 500. ಫ್ಯಾನು ಅಂಗೈಯಗಲ, 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದರ ಅಂಚು ಓಡುವ ವೇಗ ತಾಸಿಗೆ 565 ಕಿಲೋಮೀಟರ್! ಹೊರಗೆ ಘಾಟು ಹತ್ತುವ ಗಾಡಿ ಆ 26 ಕಿಲೋಮೀಟರಿಗೆ ತಾಸಿನ ಮೇಲೆ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 30 ಲೀಟರ್ ಗಾಳಿ ಹೀರಿದರೂ ಮೂರು ಮೀಟರ್ ಉದ್ದ, ಅಗಲ, ಎತ್ತರದ ಕೋಣೆಯ ಅಷ್ಟೂ ಗಾಳಿ ಹದಿನೈದು ನಿಮಿಷದಲ್ಲಿ ಆ ಪೈಪಿನೊಳಗೆ ಹಾದುಹೋಗಿರುತ್ತದೆ.

ಇನ್ನು ಆ ಕಿರುಚಾಟ. ದಾರಿ ಕಟ್ಟಿದಾಗ ಫ್ಯಾನಿಗೆ ತಳ್ಳಲು ಗಾಳಿಯೇ ಸಿಗುವುದಿಲ್ಲ. ಹೊರೆ ಇಳಿದ ಮೋಟಾರು ಇನ್ನಷ್ಟು ಜೋರಾಗಿ ತಿರುಗುತ್ತದೆ. ಸದ್ದು ಏರಿದಷ್ಟೂ ಕೆಲಸ ಇಳಿದಿದೆ ಎಂದೇ ಅರ್ಥ. (ಇಂಥ ಸಹೋದ್ಯೋಗಿಗಳನ್ನು ನಾನು ಬಲ್ಲೆ.) ಮೋಟಾರನ್ನು ತಣ್ಣಗಿಡುವುದೂ ಅದೇ ಗಾಳಿಯಾದ್ದರಿಂದ ಸ್ವಲ್ಪ ಹೊತ್ತಿಗೆ ಬಿಸಿಯೇರಿ ಒಳಗಿನ ಕಟ್‌ಆಫ್ ಬೀಳುತ್ತದೆ, ಜನ ‘ಸತ್ತಿತು’ ಎನ್ನುತ್ತಾರೆ. ಪಿನ್ನು ಕಿತ್ತು ಒಂದು ತಾಸು ಸುಮ್ಮನಿಟ್ಟರೆ ಸತ್ತದ್ದು ಎದ್ದು ಕೂಡುವುದೂ ಇದರಿಂದಲೇ.

ಪ್ಲಗ್ಗು ಕಿತ್ತು, ಹೋಸು ಬಿಚ್ಚಿದೆ. ಒಂದು ತುದಿಯಲ್ಲಿ ಕಣ್ಣಿಟ್ಟರೆ ಇನ್ನೊಂದು ತುದಿಯ ಬೆಳಕು ಕಾಣಿಸಲಿಲ್ಲ. ಮುರಿದ ಕೊಡೆಯ ಕಡ್ಡಿಯೊಂದನ್ನು ಕೊಕ್ಕೆ ಮಾಡಿ ಭಾವ ಬಾಗಿನ ಹತ್ತಿರ ಕೆದಕಿದರು. ಹೊರಬಂದದ್ದು ಕೋಳಿಮೊಟ್ಟೆಯಷ್ಟು ಒಂದು ಗಂಟು: ಬಾಗಿಲಿಗೆ ಹಾಸಿದ್ದ ಗೋಣಿತಾಟಿನ ನಾರು, ಅಕ್ಕನ ಉದ್ದ ಕೂದಲು, ಎರಡನ್ನೂ ಕೂಡಿಸಿದ ಕೆಂಪು ಮಣ್ಣು. ಪೈಪಿನ ಅಗಲ ಒಂದು ಕಡೆ ಅರ್ಧವಾದರೆ ಗಾಳಿ ಹೋಗುವ ಜಾಗ ಕಾಲುಭಾಗವಾಗುತ್ತದೆ. ಅಷ್ಟೇ ಗಾಳಿ ಹಾಯಬೇಕಾದರೆ ಅಲ್ಲಿ ನಾಲ್ಕು ಪಟ್ಟು ವೇಗ, ಅದಕ್ಕೆ 16 ಪಟ್ಟು ಒತ್ತಡ ಬೇಕು. ನಮ್ಮ ಹದಿನೈದು ಸೆಂಟಿಮೀಟರಿನ ವೀರನ ಹತ್ತಿರ ಅದೆಲ್ಲಿದೆ?

ಫಿಲ್ಟರ್ ತೆಗೆದಾಗ ಅದು ಫಿಲ್ಟರಿನಂತಿರಲಿಲ್ಲ, ಗೋಡೆಗೆ ಮೆತ್ತುವ ಗಾರೆಯಂತಿತ್ತು. 0.3 ಮೈಕ್ರಾನಿನ ಕಣ ಹಿಡಿಯಲು ಮಾಡಿದ್ದು; ತಲೆಗೂದಲ ದಪ್ಪ ಸುಮಾರು 70 ಮೈಕ್ರಾನ್. ಅಂಥ ಸೂಕ್ಷ್ಮ ಜಾಲಕ್ಕೆ ಮಳೆಗಾಲದ ತೇವ ಕೂಡಿದರೆ ಧೂಳು ಕೆಸರಾಗಿ ಕೂರುತ್ತದೆ.

ಮಾಪಿನ ಕಥೆ ಬೇರೆ, ಲೆಕ್ಕ ಇನ್ನೂ ದೊಡ್ಡದು. ಒಂದು ಗ್ರಾಂ ನೀರು ಕುದಿದು ಹಬೆಯಾದರೆ ಸುಮಾರು 1.7 ಲೀಟರಿನಷ್ಟು ಹಿಗ್ಗುತ್ತದೆ. 1,500 ವ್ಯಾಟಿನ ಮಾಪ್ ನಿಮಿಷಕ್ಕೆ ಆವಿ ಮಾಡಬಲ್ಲದ್ದು 35 ಮಿಲಿಲೀಟರ್ ನೀರು, ಅದರಿಂದ ಸೆಕೆಂಡಿಗೆ ಒಂದು ಲೀಟರ್ ಹಬೆ. ಒಳಗಿನ ಪುಟ್ಟ ಪಂಪ್ ಕರೆಂಟಿನ ತಾಳಕ್ಕೆ ಸೆಕೆಂಡಿಗೆ 50 ಸಲ ಮಿಡಿಯುತ್ತದೆ; ಒಂದು ಮಿಡಿತಕ್ಕೆ ಅದು ತಳ್ಳುವ ನೀರು ಒಂದು ಹನಿಯ ಕಾಲು ಭಾಗ. ಕಾಲು ಹನಿ ಹಾಯುವ ಕಿಂಡಿಗೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದರೆ ಮುಗಿಯಿತು. ಶಾಖ ದಾಟಿಸುವುದರಲ್ಲಿ ಆ ಸುಣ್ಣದ ಪದರ ಅಲ್ಯೂಮಿನಿಯಮ್ಮಿಗಿಂತ ನೂರು ಪಟ್ಟಿಗೂ ಹೆಚ್ಚು ಮಂದ. ಹಬೆ ಎಂಜಿನ್ನುಗಳಿಗೂ ಇದೇ ರೋಗವಿತ್ತು. ಷೆಡ್ಡಿನಲ್ಲಿ ಬಾಯ್ಲರ್ ತೊಳೆಯುವುದೇ ಒಂದು ದೊಡ್ಡ ಕೆಲಸವಾಗಿತ್ತು ಎಂದರು ಭಾವ.

ಆದರೆ ಅಕ್ಕ ತುಂಬುತ್ತಿದ್ದದ್ದು ಹೆಂಚಿನಿಂದ ಇಳಿದ ಮಳೆನೀರು, ಬಟ್ಟೆಯಲ್ಲಿ ಸೋಸಿದ್ದು. ಮಳೆನೀರಿಗೆ ಸುಣ್ಣ ಎಲ್ಲಿಂದ ಬರಬೇಕು? ಹಾಗಾಗಿ ಪ್ಲಗ್ಗಿನ ಕಡೆ ತಿರುಗಿದೆ. ಒಂದು ಪಿನ್ನು ಕಂದಿ ಕಪ್ಪಾಗಿತ್ತು; ಅದರ ಬುಡದ ಪ್ಲಾಸ್ಟಿಕ್ ಬೆಲ್ಲದಂತೆ ಕರಗಿ ಗಟ್ಟಿಯಾಗಿತ್ತು. 1,500 ವ್ಯಾಟಿಗೆ ಬೇಕಾದದ್ದು 6.5 ಆಂಪಿಯರ್, ಸಿಕ್ಕಿಸಿದ್ದು 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ. ಸಡಿಲ ಸಾಕೆಟ್ಟಿನಲ್ಲಿ ಒಂದೇ ಒಂದು ಓಮ್ ಅಡ್ಡಿ ಇದ್ದರೂ ಅಲ್ಲಿ 42 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವನ ಸೋಲ್ಡರಿಂಗ್ ಐರನ್ ಬರೀ 25 ವ್ಯಾಟಿನದು.

ವೋಲ್ಟೇಜಿನ ಗಣಿತ ಇದಕ್ಕಿಂತ ಕ್ರೂರ. 230 ಇರಬೇಕಾದದ್ದು 160ಕ್ಕೆ ಇಳಿದರೆ ಶಕ್ತಿ ಮೂರನೆಯ ಒಂದಂಶ ತಗ್ಗೀತು ಎಂದುಕೊಳ್ಳುತ್ತೇವೆ. ಹೀಟರಿನಲ್ಲಿ ಅದು ವರ್ಗದ ಲೆಕ್ಕದಲ್ಲಿ ಬೀಳುತ್ತದೆ: ಉಳಿಯುವುದು ಶೇಕಡಾ 48 ಮಾತ್ರ. 1,500 ವ್ಯಾಟಿನ ಮಾಪ್ ಆಗ 726 ವ್ಯಾಟಿನದು. ಕಾಡಿನ ನಡುವೆ ಉದ್ದಕ್ಕೆ ಎಳೆದ ಲೈನಿನ ಕೊನೆಯ ಮನೆಗಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಇದೇ ಜೋಯಿಡಾ ತಾಲೂಕಿನಲ್ಲಿದೆ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ. ಅದರ ಹಿನ್ನೀರಿನಲ್ಲಿ ಸೂಪಾ ಊರೇ ಮುಳುಗಿ ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು, ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳು ಇಲ್ಲೇ ಹತ್ತಿರದ ರಾಮನಗರದಲ್ಲಿ ನೆಲೆ ಹುಡುಕಿಕೊಂಡವು. ಕಾಳಿ ನದಿಯ ಕೆಳಹರಿವಿನಲ್ಲಿ ನಾಗಝರಿ ವಿದ್ಯುದಾಗಾರದ ಆರು ಯಂತ್ರಗಳು ಸೇರಿದರೆ 900 ಮೆಗಾವ್ಯಾಟ್ ಆಸುಪಾಸು. ಅಕ್ಕನ ಮಾಪಿನಂಥವು ಆರು ಲಕ್ಷ ಒಟ್ಟಿಗೆ ಓಡಬಹುದು.

ಪೇಪರಿನ ಅಂಚಿನಲ್ಲಿ ಒಂದು ಲೆಕ್ಕ ಹಾಕಿದೆ. ಮಾಪಿನ ಅರ್ಧ ಲೀಟರ್ ನೀರು ಪೂರ್ತಿ ಹಬೆಯಾಗಲು ಬೇಕಾದ ಶಕ್ತಿಯನ್ನು ಕಾಳಿಯ ನೀರಿನಿಂದ ಪಡೆಯಬೇಕಾದರೆ, ಒಂದು ತೊಟ್ಟೂ ಪೋಲಾಗದಂತೆ, ಸೂಪಾ ಅಣೆಕಟ್ಟಿನ ಎತ್ತರದಿಂದ 1,300 ಲೀಟರ್ ಬೀಳಬೇಕು. ಒಂದು ತಂಬಿಗೆಯ ಹಬೆಗೆ ಒಂದು ದೊಡ್ಡ ಸಿಂಟೆಕ್ಸ್ ಟ್ಯಾಂಕು! ತಿರುಗಿಸಿಯೂ ನೋಡಿದೆ. 60 ಕಿಲೋ ತೂಕದ ಮನುಷ್ಯನೊಬ್ಬನನ್ನು 500 ಮೀಟರ್ ಮೇಲೆತ್ತಲು, ಎಂದರೆ ಹೆಚ್ಚುಕಡಿಮೆ ಕುಳೆಂನಿಂದ ಇಲ್ಲಿಗೆ, ತಾತ್ವಿಕವಾಗಿ ಬೇಕಾದ ಶಕ್ತಿಯಲ್ಲಿ ಈ ಮಾಪ್ ಓಡುವುದು ಮೂರೂಕಾಲು ನಿಮಿಷ.

ಭಾವ ಆ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು ಎರಡು ಸಲ ಓದಿದರು. “ಗಾಡಿ ತೂಕ ಹಿಡಿದಿಲ್ಲ ನೀ” ಎಂದರು. ನಿಜ. ಡಬ್ಬಿಯ ತೂಕದ ಪಾಲು ಸೇರಿಸಿದರೆ ಅದು ಹತ್ತು ಪಟ್ಟಿಗೂ ಮೇಲಾಗುತ್ತದೆ.

ಪ್ಲಗ್ಗು ಬದಲಾಯಿತು, ಮಾಪ್ ಅಡುಗೆಮನೆಯ 16 ಆಂಪಿಯರ್ ಸಾಕೆಟ್ಟಿಗೆ ಹೋಯಿತು, ಬುಸುಗುಟ್ಟಿತು. ವ್ಯಾಕ್ಯೂಮ್ ಮಾತ್ರ ಇನ್ನೂ ಮೂಲೆಯಲ್ಲಿದೆ. ತೊಳೆದ ಫಿಲ್ಟರ್ ಒಣಗದೆ ಅದನ್ನು ಹಾಕುವಂತಿಲ್ಲ. ಬಚ್ಚಲೊಲೆಯ ಮೇಲೆ ಕಟ್ಟೋಣವೆಂದರೆ ಹೊಗೆಯ ಕಣಗಳು ಅದರ ಜಾಲಕ್ಕೆ ಸರಿಯಾದ ಅಳತೆಯವು, ಮತ್ತೆ ಕಟ್ಟಿಕೊಳ್ಳುತ್ತದೆ. ನಡುಮನೆಯಲ್ಲಿ ಹಗ್ಗಕ್ಕೆ ತೂಗುಹಾಕಿ ಇವತ್ತಿಗೆ ಮೂರನೆಯ ದಿನ. ಮುಟ್ಟಿದರೆ ಇನ್ನೂ ತಣ್ಣಗಿದೆ. ಅದರ ಕೆಳಗೆ ಅಕ್ಕ ಕಸಬರಿಗೆಯಿಂದ ಗುಡಿಸುತ್ತಿದ್ದಾಳೆ.